ಒಮ್ಮೆ ಅತ್ತರೆ ಸಾಧಾರಣ

ಕಾರು ನಿಲ್ಲಿಸುವಲ್ಲಿ ಹಲಗೆ ಹೇಳುತ್ತದೆ:
ಮೊಯ್ಲ್ ಗ್ರೀಗ್. ಅರ್ಧ ದಿನ. ಸಾಧಾರಣ.
ಮಕ್ಕಳುಮರಿ ಕಟ್ಟಿಕೊಂಡವರೂ ಹತ್ತಬಹುದು.

ಮೊಯ್ಲ್ ಅಂದರೆ ನಮ್ಮ ವೆಲ್ಷ್ ಮಾತಿನಲ್ಲಿ ಬೋಳು.
ಬೋಳೇನೋ ಹೌದು; ಆಗಸ್ಟ್ ಬಂತೆಂದರೆ
ಆ ಬೋಳುತಲೆಯ ತುಂಬ ನೇರಳೆ ಹೂ.

ಬಂದವರು ಬೂಟಿನ ಲಾಡಿ ಬಿಗಿಯುತ್ತ ಕೇಳುತ್ತಾರೆ:
ಸಾಧಾರಣ ಅಂದರೆ ಎಷ್ಟು? ಅಳೆದವರು ಯಾರು?

ನನ್ನಪ್ಪ ಅಳೆದದ್ದು.
ಸ್ಲೇಟಿನ ಗಣಿ ಮುಚ್ಚಿದ ವರ್ಷ ಕೌನ್ಸಿಲಿನವರು
ಅವನ ಕೈಗೊಂದು ಡಬ್ಬಿ ಹಳದಿ ಬಣ್ಣ, ಬ್ರಷ್ಷು ಕೊಟ್ಟು
ಗುಡ್ಡಗಳಿಗೆಲ್ಲ ದರ್ಜೆ ಹಾಕಿ ಬಾ ಅಂದರು.
ಅಪ್ಪನಿಗೆ ಕಲ್ಲು ಸೀಳುವುದು ಗೊತ್ತು, ದರ್ಜೆ ಗೊತ್ತಿಲ್ಲ.
ತಂಗಿ ಲೋವ್ರಿಯ ಕೈಹಿಡಿದು ಹೊರಟ.
ಅವಳಿಗೆ ಆರು ವರ್ಷ, ಮುಂದಿನ ಎರಡು ಹಲ್ಲು ಇರಲಿಲ್ಲ.

ಹಾಡಿಕೊಂಡೇ ಹತ್ತಿ ಇಳಿದರೆ ಸುಲಭ.
ಒಮ್ಮೆ ಅತ್ತರೆ ಸಾಧಾರಣ.
ಹೆಗಲಿಗೇರಿಸಬೇಕಾಗಿ ಬಂದರೆ ಕಠಿಣ.
ಇಷ್ಟೇ ಲೆಕ್ಕ.
ಹಿಂದಿನಿಂದ ಬಣ್ಣದ ಡಬ್ಬಿ ಹೊತ್ತವನು ನಾನು,
ಸಾಕ್ಷಿಗೆ ಕರೆದರೆ ಬರುತ್ತೇನೆ.

ಇವತ್ತು ಹನ್ನೊಂದು ಮಂದಿ.
ಮೊದಲ ಗೇಟಿನವರೆಗೆ ಎಲ್ಲರದೂ ಮಾತೇ ಮಾತು.
ಎರಡನೆಯದು ದಾಟಿದರೆ ಉಸಿರಿನದೊಂದೇ ಸದ್ದು.
ಜರಿಗಿಡ ಒರಸಿ ಚಡ್ಡಿಯ ಅಂಚೆಲ್ಲ ಒದ್ದೆ.
ಲಿವರ್‌ಪೂಲಿನ ಮಿಸೆಸ್ ರಾಫರ್ಟಿ ಕಲ್ಲುಗೋಡೆಗೊರಗಿ
ಇನ್ನೆಷ್ಟು ದೂರ ಮಾರಾಯ ಎಂಬ ಮುಖ ಮಾಡುತ್ತಾಳೆ.
ಇಗೋ, ಇಲ್ಲೇ, ಅನ್ನುತ್ತೇನೆ.
ಇಪ್ಪತ್ತೆರಡು ವರ್ಷದ ಸುಳ್ಳು;
ಕೇಳಿ ಕೇಳಿ ಗುಡ್ಡವೇ ನಾಚಿ
ತುಸು ಹತ್ತಿರ ಸರಿದಿರಬೇಕು.

ಕುರಿಗಳ ಬೆನ್ನಿಗೆ ಯಾರು ಗೀಚಿದರು?
ಅವಳ ಮೊಮ್ಮಗ ಡೆಕ್ಲನ್‌ನ ಪ್ರಶ್ನೆ.
ಮಾಲೀಕರ ಗುರುತು ಮಗಾ, ಕೆಂಪು ಆಚೆಮನೆಯವರದು, ನೀಲಿ ಈಚೆಮನೆಯದು.
ಹಾಗಾದರೆ ಎರಡೂ ಇರುವುದು?
ನನಗೂ ತಿಳಿಯದು. ಕೋರ್ಟಿನಲ್ಲಿರಬೇಕು ಅಂದೆ.

ಮೂರನೆಯ ತಿರುವಿನಲ್ಲಿ ಚಾವಣಿಯಿಲ್ಲದ ಗಣಿಮನೆ.
ಇಲ್ಲೇ ಎಲ್ಲರೂ ಬ್ರೆಡ್ಡಿನ ಪೊಟ್ಟಣ ಬಿಚ್ಚುವುದು.
ಕೆಳಗೆ ಗಣಿಯ ಗುಂಡಿ, ತುಂಬ ನೀರು,
ಫೋಟೋಕ್ಕೆ ಚೆನ್ನಾಗಿ ಬೀಳುವಷ್ಟು ನೀಲಿ.

ಲೋವ್ರಿ ಅತ್ತದ್ದೂ ಇಲ್ಲೇ.
ಕಾಲುನೋವಿಗಲ್ಲ, ಹಸಿವಿಗಲ್ಲ.
ಅಪ್ಪ ನೀರನ್ನೇ ನೋಡುತ್ತ ಬೆನ್ನು ತಿರುಗಿಸಿ ನಿಂತಿದ್ದ,
ಆ ಬೆನ್ನು ಒಂದು ಸಲ ಅಲುಗಿತು.
ಅವಳು ಓಡಿಹೋಗಿ ಅವನ ಕೋಟು ಹಿಡಿದು ಹೋ ಎಂದಳು.
ಅಪ್ಪ ಮೂಗೊರಸಿಕೊಂಡು ಬಂದ, ಡಬ್ಬಿ ಕೊಡು ಅಂದ,
ಕಲ್ಲಿನ ಮೇಲೆ ಹಳದಿ ಬಾಣ ಬರೆದ.
ಒಮ್ಮೆ, ಅಂದ. ಸಾಧಾರಣ.
ಯಾರ ಅಳುವನ್ನು ಎಣಿಸಿದನೋ ನಾನು ಕೇಳಲಿಲ್ಲ.

ತುದಿಯಲ್ಲಿ ಗಾಳಿ. ಟೋಪಿಯೊಂದು ಕಳೆಯಿತು.
ದೂರ ಸಮುದ್ರದ ಒಂದು ಗೀಟು ಕಂಡಿತು, ಕಂಡಿತೆಂದು ಕೆಲವರ ಹಟ.
ಮಿಸೆಸ್ ರಾಫರ್ಟಿ ಮೊಮ್ಮಗನ ಭುಜ ಹಿಡಿದು ನಿಂತವಳು
ಕಣ್ಣೊರಸಿಕೊಂಡು, ಗಾಳಿಗೆ, ಅಂದಳು.
ಗಾಳಿಗೇ ಇರಬಹುದು.

ಇಳಿದು ಬಂದಾಗ ಮೂರು ಗಂಟೆ. ಬಸ್ಸಿನಲ್ಲಿ ಕಾಯುತ್ತಿದ್ದಾಳೆ
ಚಾಲಕಿ ಲೋವ್ರಿ, ಐವತ್ತೆರಡರ ಲೋವ್ರಿ,
ಫ್ಲಾಸ್ಕಿನ ಮುಚ್ಚಳದಲ್ಲಿ ಚಹಾ ಹಿಡಿದು.
ಎಷ್ಟು? ಅನ್ನುತ್ತಾಳೆ ದಿನದ ಹಾಗೆ.
ಒಬ್ಬರು, ಅನ್ನುತ್ತೇನೆ.

ಹಾಗಾದರೆ ಹಲಗೆ ಸರಿಯಾಗೇ ಇದೆ ಅಂದು
ಅವಳು ಗೇರು ಹಾಕುತ್ತಾಳೆ.