ನಡುಗಡ್ಡಿಗೆ ಸೂಟಿ

ಕೊಪ್ಪಿಕರ ರೋಡಿನ ಮಹಡಿ ಮ್ಯಾಲಿನ ಆಫೀಸಿನೊಳಗ
ಇಮ್ತಿಯಾಜ ಕಂಪ್ಯೂಟರ್ ನಮ್ಮ ಕಡೆ ತಿರುವಿದ:
ಹನ್ನೊಂದು ದಿನ, ಒಂಬತ್ತು ಊರು,
ದಿನಾ ಮುಂಜಾನೆ ಆರಕ್ಕ ಬಸ್ಸು.
"ಬ್ಯಾಡಪಾ," ಅಂದ್ಳು ದ್ರಾಕ್ಷಾಯಣಿ,
"ಒಂದ ಊರು. ಒಂದ ಖೋಲಿ. ಹತ್ತು ದಿನ."
"ಹತ್ತು ದಿನ ಅಲ್ಲಿ ಏನ್ ಮಾಡ್ತೀರಿ, ಆಂಟಿ?"
"ಕೂಡ್ತೇವಿ."

ಭೂಮಧ್ಯ ಸಮುದ್ರ. ಸಾಲ್ಯಾಗ ಬಾಯಿಪಾಠ ಮಾಡಿದ್ದು,
ಪರೀಕ್ಷಾದಾಗ ನೀಲಿ ಪೆನ್ಸಿಲ್ ಸವಿಸಿದ್ದು.
ಅದರೊಳಗ ಜ್ವಾಳದ ನುಚ್ಚಿನಷ್ಟು ಒಂದು ಚುಕ್ಕಿ.
ದ್ವೀಪ ಅಂದ್ರ ಆಕಿಗೆ ಸೇರೂದಿಲ್ಲ, ನಡುಗಡ್ಡಿ ಅನ್ನಬೇಕು.
ಕೊಳ್ಳಾಗಿನ ಅಳತಿ ಟೇಪು ತಗದು
ಗ್ವಾಡಿ ನಕಾಶದ ಮ್ಯಾಲ ಹಿಡಿದ್ಳು:
ಹುಬ್ಬಳ್ಳಿಯಿಂದ ಅಲ್ಲಿಗೆ ಹತ್ತೂವರಿ ಇಂಚು.
"ನಿನ್ನ ಝಂಪರಿನ ತೋಳಿನಷ್ಟ ಐತಿ, ತಗೋ."

ಮೂವತ್ತೊಂದು ವರ್ಷ ನಾ ಟೇಶನ್ನಿನ ಮೈಕಿನ ಮುಂದ ಕುಂತಾಕಿ.
ಮನ್ಯಾಗ ಈ ಭಾಷಾ, ಅಲ್ಲಿ ಇಸ್ತ್ರಿ ಮಾಡಿದ ಭಾಷಾ.
ಪ್ರಯಾಣಿಕರ ಗಮನಕ್ಕೆ,
ಯಾವ ಗಾಡಿ ಎಷ್ಟು ತಡಾ, ಎಷ್ಟನೇ ಪ್ಲಾಟಫಾರ್ಮು,
ಮತ್ತ ಕಡೀಕ ಆ ಸಾಲು:
ನಿಮಗಾದ ಅನಾನುಕೂಲತೆಗೆ ವಿಷಾದಿಸುತ್ತೇವೆ.
ಲೋಂಡಾದಾಗ ಗುಡ್ಡಾ ಕುಸದ್ರ ನಾ ವಿಷಾದಿಸಬೇಕು,
ಗುಂತಕಲ್ಲಿನಾಗ ಎಂಜಿನ್ ಕೆಟ್ಟರ ನಾ.
ಅತ್ತಿ ತೀರಿಕೊಂಡ ದಿನ, ಸುದ್ದಿ ಬಂದ ಮ್ಯಾಲೂ,
ಬದಲಿ ಹುಡುಗಿ ಬರೂತನಕ
ವಿಜಯಪುರದ ಗಾಡಿ ಸಲುವಾಗಿ ನಾಕು ಸಲ ವಿಷಾದಿಸಿದೆ.
ಮನ್ಯಾಗ ಹೆಣದ ಮಗ್ಗಲ ದ್ರಾಕ್ಷಾಯಣಿ ಒಬ್ಬಾಕೀನ ಕುಂತಿದ್ಳು.
ಆಕಿಗೆ ಆ ಸಾಲು ನಾ ಇನ್ನೂ ಹೇಳಿಲ್ಲ.

ಈಗ ಕಂಪ್ಯೂಟರ್ ವಿಷಾದಿಸತೈತಿ, ಪಗಾರಿಲ್ಲದ.

ನಡುಗಡ್ಡಿ ಮನೀ ಒಡತಿ ಬರದಾಳ:
ದೋಣಿ ವಾರಕ್ಕ ಎರಡು ಸಲ ಬರ್ತೈತಿ,
ಗಾಳಿ ಜೋರಿದ್ರ ಬರೂದಿಲ್ಲ.
ಇಷ್ಟ. ವ್ಯಾಳ್ಯಾ ಇಲ್ಲ, ವಿಷಾದ ಇಲ್ಲ.
ಮೊದಲ ಸಲ ಓದಿದಾಗ ಎದಿ ಝಲ್ ಅಂತು.
ಎರಡನೇ ಸಲ, ಖರೇ ವ್ಯಾಳ್ಯಾ ತಿಳಸ್ರಿ ಅಂತ ಉತ್ತರಾ ಬರಿಯಾಕ ಕುಂತೆ.
ಮೂರನೇ ಸಲ
ಫೋನ್ ಬೋರಲಾ ಹಾಕಿ ಚಾ ಕುಡದೆ.

ವೀಸಾದ ಫಾರ್ಮಿನ್ಯಾಗ ಒಂದು ಖಾನೆ:
ಜೋಡಿ ಬರೂವರು ನಿಮಗ ಏನಾಗಬೇಕು?
ನೆಗೆಣ್ಣಿ ಅನ್ನೂದಕ್ಕ ಇಂಗ್ಲಿಷಿನ್ಯಾಗ ಶಬ್ದ ಸಿಗಲಿಲ್ಲ.
"ಸಿಸ್ಟರ್ ಅಂತ ಬರೀಲೇನ್ರಿ?"
ದ್ರಾಕ್ಷಾಯಣಿ ನಕ್ಕಳು:
"ಇಪ್ಪತ್ತಾರು ವರ್ಷ ಒಂದ ಒಲಿ ಮುಂದ ಜಗಳಾಡೇವಿ.
ಒಡಹುಟ್ಟಿದಾಕಿ ಆಗಿದ್ರ ಎಂದೋ ಬಿಟ್ಟು ಹೋಗ್ತಿದ್ಳು."
ಅಂವ ಬರದ. ಬರಕೊಳ್ಳಲಿ.
ಅಣ್ಣ ತಮ್ಮ ಇಬ್ಬರೂ ಕೇಶ್ವಾಪುರದ ಮನ್ಯಾಗ
ಕುಕ್ಕರಿನ ಸೀಟಿ ಎಣಸೂದು ಕಲಿಯಾಕತ್ತಾರ.

ಹಳೇ ಕ್ಯಾಲೆಂಡರಿನ ಬೆನ್ನಿಗೆ ಯಾದಿ ಮಾಡಿದಿವಿ.
ಖಡಕ್ ರೊಟ್ಟಿ ಎಂಬತ್ತು,
ಗಾಳಿ ಜೋರಿದ್ರ ಅಂತ ಮತ್ತೊಂದು ಹದಿನಾರು.
ಶೇಂಗಾ ಚಟ್ನಿ, ಅಗಸಿ ಚಟ್ನಿ, ಮಣಕಾಲಿನ ಎಣ್ಣಿ.
ನೋಡೂ ಜಾಗಾ, ಅಂತ ಬರದು ಕೆಳಗ ಎರಡು ಗೆರಿ ಎಳದೆ.
ಮುಂದ ಪೆನ್ನು ಹೋಗಲಿಲ್ಲ.
"ಅಲ್ಲಿ ದ್ರಾಕ್ಷಿ ಬಳ್ಳಿ ಬಾಗಲದ ಮ್ಯಾಲ ಹಬ್ಬಿರ್ತಾವಂತ," ಅಂದೆ.
"ಐವತ್ತೆಂಟು ವರ್ಷ ಹೆಸರಿನ್ಯಾಗ ಇದ್ದು ಹುಳಿ ಆಗ್ಯಾವ,
ಒಂದೀಟು ಬಾಯಾಗೂ ಬರ್ಲಿ ಬಿಡು."

ನಿನ್ನೆ ರಾತ್ರಿ ಹನ್ನೊಂದಾದ್ರೂ ಆಕಿ ಮಷೀನು ತುಳಿಯಾಕತ್ತಿದ್ಳು.
ನೀರಿಗಿಳಿಯೂ ಅಂಗಿ, ಇಬ್ಬರಿಗೂ:
ಕರೇ ಪಾಪ್ಲಿನ್, ತುಂಬುತೋಳು, ಮಣಕಾಲು ದಾಟಿ ಎರಡು ಗೇಣು.
ನಾವು ಉಣಕಲ್ ಕೆರ್ಯಾಗ ಹಿಮ್ಮಡ ಸೈತ ತೋಯಿಸಿದವರಲ್ಲ.
ಬಲಕ್ಕೊಂದು ಎಡಕ್ಕೊಂದು ಕಿಸೆ ಇಟ್ಟಾಳ.
"ಸಮುದ್ರದಾಗ ಕಿಸೆ ಯಾಕ?"
ದಾರ ಹಲ್ಲಿಲೆ ಹರದು ನನ್ನ ನೋಡಿದ್ಳು:
"ಮತ್ತ, ಕೆಲಸಿಲ್ಲದ ನಿಂತಾಗ
ಕೈ ಎಲ್ಲಿ ಇಟಗೋಬೇಕು, ಹೇಳು?"