ಹಣೆಯ ಎರಡು ಮೂಲೆ

ನಾನು ನೂಲು ಕಚ್ಚುವುದು ಕಲಿತದ್ದು
ಸಯ್ಯಾಜಿರಾವ್ ರಸ್ತೆಯ ಒಂದು ಮಹಡಿಯಲ್ಲಿ,
ಚುಂಗ್ ಮೇಡಂ ಹತ್ತಿರ.
ಮಾರ್ಕೆಟ್ಟಿನವರ ಬಾಯಲ್ಲಿ ಚೀನಾ ಅಮ್ಮ ಸವೆದು ಸವೆದು
ಚಿನ್ನಮ್ಮ ಆಗಿದ್ದರು;
ಹರಿವೆ ಸೊಪ್ಪಿನ ಕಟ್ಟಿಗೆ ನಾಲ್ಕಾಣೆ ಬಿಡುತ್ತಿರಲಿಲ್ಲ.

ದಿನಾ ಮಂಡ್ಯದಿಂದ ಪ್ಯಾಸೆಂಜರ್ ರೈಲು, ತಿಂಗಳ ಪಾಸು.
ಮೊದಲ ದಿನವೇ ಕುರ್ಚಿಯಲ್ಲಿ ಕೂರಿಸಿ
ಕೂದಲು ಹಿಂದಕ್ಕೆ ಬಾಚಿ ಕ್ಲಿಪ್ಪು ಹಾಕಿ
ಪಹಣಿ ಓದುವ ಶಾನುಭೋಗರ ಹಾಗೆ ಬೆರಳಿಟ್ಟರು:
ಇಲ್ಲಿ, ಎಡಕ್ಕೆ, ಸೂರ್ಯನ ಮೂಲೆ. ನಿನ್ನ ಅಪ್ಪ.
ಬಲಕ್ಕೆ ಚಂದ್ರ. ಅದು ಅಮ್ಮ.
ಕೂದಲಂಚು ಗರಗಸದ ಹಾಗಿದ್ದರೆ
ಹಿರಿಯರ ಮಾತು ಕೇಳದವಳು.
ಹುಬ್ಬುಗಳ ನಡುವೆ, ನೀನು ಕುಂಕುಮ ಇಡ್ತೀಯಲ್ಲ,
ಅದು ಜೀವದ ಅರಮನೆ.
ಭಾನುವಾರ ದೀಪ ಹಾಕ್ತಾರಲ್ಲ, ಅದಲ್ಲ. ಇದು ಬೇರೆ.

ಎಡ ಮೂಲೆಯ ಗಾಯದ ಗುರುತಿನಲ್ಲಿ ಬೆರಳು ನಿಂತಿತು.
"ಅಪ್ಪ ಬೇಗ ಹೋದ."
ನಾನು ನಕ್ಕುಬಿಟ್ಟೆ.
ಅಪ್ಪ ಮನೆಯಲ್ಲೇ ಇದ್ದ,
ಸಕ್ಕರೆ ಕಾರ್ಖಾನೆಯ ಸೈರನ್ನಿಗೆ ಎದ್ದು, ಸೈರನ್ನಿಗೆ ಉಂಡು.
ಆ ಗುರುತೂ ಅವನದೇ:
ಮೂರು ವರ್ಷದವಳನ್ನು ಸೈಕಲ್ಲಿನ ಮುಂಗಂಬಿಗೆ ಕೂರಿಸಿ
ನಾಲೆ ಏರಿಯ ಮೇಲೆ ಬೀಳಿಸಿದ್ದ. ಐದು ಹೊಲಿಗೆ.
ಆಮೇಲೆ ಸೈಕಲ್ ಮುಟ್ಟಲಿಲ್ಲ.
ನನ್ನನ್ನೂ ಎತ್ತಿಕೊಂಡದ್ದು ನೆನಪಿಲ್ಲ.
ಸಂಜೆ ರೈಲು ಪಾಂಡವಪುರ ದಾಟುವಾಗ ಇದು ಹೊಳೆದು
ಬೆಳಗಿನ ನಗು ಗಂಟಲಲ್ಲೇ ಕೂತಿತು.

ಈಗ ಗುತ್ತಲು ರಸ್ತೆಯಲ್ಲಿ ನನ್ನದೇ ಅಂಗಡಿ.
ಮುಖ ನೋಡಿ ಮಣೆ ಹಾಕುವ ಊರು ಇದು.
ಹೆಣ್ಣು ನೋಡಲು ಬರುವ ಹಿಂದಿನ ದಿನ ಓಡಿಬರುತ್ತಾರೆ:
"ಅಕ್ಕ, ಹಣೆ ಒಂಚೂರು ಅಗಲ ಮಾಡ್ಕೊಡಿ,
ಗಂಡಿನ ಅಜ್ಜಿ ಕಿರಿಹಣೆ ಬ್ಯಾಡ ಅಂತಾವ್ರಂತೆ."
ಪೌಡರ್ ಬಳಿದು, ನೂಲನ್ನು ಹಲ್ಲಿಗೆ ಕೊಟ್ಟು,
ಬ್ರಹ್ಮ ಬರೆದ ಹಾಳೆಗೆ
ಅರ್ಧ ಇಂಚು ಮಾರ್ಜಿನ್ನು ಬಿಡಿಸುತ್ತೇನೆ.
ನಲವತ್ತು ರೂಪಾಯಿ.
ಮೂರು ವಾರಕ್ಕೆ ಮತ್ತೆ ಬೆಳೆಯುತ್ತದೆ;
ಅಷ್ಟರೊಳಗೆ ತಾಂಬೂಲ ಬದಲಾಗಿರುತ್ತದೆ.

ಮೇಡಂ ಮಾತ್ರ ತಮ್ಮ ಹಣೆ ಯಾರಿಗೂ ತೋರಿದ್ದಿಲ್ಲ.
ಹುಬ್ಬಿನ ತನಕ ನೆಟ್ಟಗೆ ಕತ್ತರಿಸಿದ ಮುಂಗೂದಲು,
ಫ್ಯಾನಿನ ಕೆಳಗೂ ಒಂದು ಕೈ ಅದರ ಮೇಲೆ.
ಅಂಗಡಿ ಮುಚ್ಚುವ ವಾರ, ಕೈ ನಡುಗುತ್ತಿತ್ತು,
ತಲೆ ತೊಳಿ ಅಂದರು.
ಬೇಸಿನ್ನಿಗೆ ಕತ್ತು ಒರಗಿಸಿ ಕಣ್ಣು ಮುಚ್ಚಿದರು.
ನೀರು ಕೂದಲನ್ನು ಹಿಂದಕ್ಕೆ ಒಯ್ದಿತು.
ಬಲಗಡೆ, ಚಂದ್ರನ ಮೂಲೆಯಲ್ಲಿ,
ಹಸಿ ಮಣ್ಣಿಗೆ ಹೆಬ್ಬೆಟ್ಟು ಒತ್ತಿದಂಥ ತಗ್ಗು.

"ಏನು ಕಾಣ್ತದೆ?"
"ನೊರೆ, ಮೇಡಂ."
"ಸುಳ್ಳಿ," ಅಂದರು, ಕಣ್ಣು ತೆರೆಯದೆ.
ಚೊಂಬಿನ ನೀರು ಬಿಸಿ ಇರುವಷ್ಟು ಹೊತ್ತು
ನಾನು ಆ ತಗ್ಗಿನ ಮೇಲೆ
ಅಂಗೈ ಇಟ್ಟುಕೊಂಡೇ ಇದ್ದೆ.