ಬಿಳಿ ಆರು

ಶ್ರುತಿ ತಾಯಿ, ಲಯ ತಂದೆ ಎಂದು
ಹುಬ್ಬಳ್ಳಿಯಲ್ಲಿ ಹೇಳಿಕೊಟ್ಟ ಮಾಸ್ತರರು
ರಾತ್ರಿ ಮೂರಕ್ಕೆ ಎದ್ದವರಲ್ಲ,
ಎದ್ದರೂ ತಂಬೂರಿಗಾಗಿ ಎದ್ದವರು.
ನನಗೆ ಹನ್ನೊಂದು ತಿಂಗಳಿಂದ ಶ್ರುತಿಯಿಲ್ಲ.
ಲಯ ಇದೆ, ವಾಷಿಂಗ್ ಮಷೀನಿನದು.

ಜೀಲಾಂಗಿನ ಉತ್ತರದ ಅಂಚು. ಎಣ್ಣೆ ಕಾರ್ಖಾನೆಯ
ಚಿಮಣಿ ತುದಿಗೆ ಹಗಲಲ್ಲೂ ಆರದ ಉರಿ.
ಸ್ಕೌಟ್ ಹುಡುಗರು ಬಿಟ್ಟುಹೋದ ಹಳೇ ಹಾಲ್‌ಗೆ
ಗುರುವಾರ ಹತ್ತಕ್ಕೆ ಬೀಗ ತೆಗೆಯುವವಳು ಬೆವರ್ಲಿ.
ಉಣ್ಣೆ ಗಿರಣಿಯಲ್ಲಿ ಇಪ್ಪತ್ತೆರಡು ವರ್ಷ, ಎಡಗಿವಿ ಮಂದ.
ಹೀಟರ್ ಹಚ್ಚಿ, ಕುರ್ಚಿ ಒರೆಸಿ,
ಯಾರ ಕೂಸನ್ನೂ ಎತ್ತಿಕೊಳ್ಳದೆ
ಚಹಾದ ಮೂಲೆಯಲ್ಲಿ ನಿಲ್ಲುತ್ತಾಳೆ.

ಮೊದಲ ವಾರ ನಾವು ಮೂವರೇ.
ಅಚೋಲ್ ಅಂಗೈಯಲ್ಲೇ ಹಾಡುವವಳು, ನಾಲ್ಕನೆಯದು ಬೆನ್ನಿಗೆ.
ಪಾವಾ ಅರ್ಧಕ್ಕೆ ನಿಲ್ಲಿಸಿ ಹೇಳಿದಳು: ಉಳಿದದ್ದು
ಅಮ್ಮನ ಹತ್ತಿರ ಇದೆ, ಗಡಿಯ ಶಿಬಿರದಲ್ಲಿ,
ಸಿಗ್ನಲ್ ಸಿಕ್ಕ ದಿನ ಕೇಳಬೇಕು.
ನಾನು ಜೋ ಎಂದೆ.
ಮುಂದಿನ ಸಾಲು ಬರಲಿಲ್ಲ.
ಅಷ್ಟರಲ್ಲಿ ಯಾರದೋ ಮಗು ಅತ್ತಿತು,
ನನ್ನ ಅಂಗಿ ಒದ್ದೆಯಾಯಿತು.
ತನ್ನದು ಪರರದು ಮೈಗೆ ತಿಳಿಯುವುದಿಲ್ಲ.
ಅವರೆಲ್ಲ ಹಾಲ್ ಎನ್ನುವಾಗ
ಹಾಲು ಕೇಳಿಸುವುದು ನನಗೊಬ್ಬಳಿಗೇ.

ಜುಲೈನ ಒಂದು ಗುರುವಾರ
ಕೊಲ್ಲಿಯ ಗಾಳಿ ಬಾಗಿಲು ಗುದ್ದುತ್ತಿತ್ತು.
ಯಾರೂ ಕೇಳಿರಲಿಲ್ಲ. ಲೋಟ ತೊಳೆಯುತ್ತ,
ಬೆನ್ನು ನಮ್ಮ ಕಡೆಗೆ ಮಾಡಿ ಬೆವರ್ಲಿ ಹೇಳಿದಳು:
ಹದಿನೇಳಕ್ಕೆ ಹೆತ್ತೆ. ಮದುವೆಯಾಗಿರಲಿಲ್ಲ.
ನೋಡಬಾರದೆಂದು ದಿಂಬು ಅಡ್ಡ ಹಿಡಿದರು.
ಮುಖ ಗೊತ್ತಿಲ್ಲ. ಅಳು ಗೊತ್ತು.

ಕೈ ಒರೆಸಿಕೊಂಡು
ಮೂರು ಮನೆ ಸತ್ತ ಪಿಯಾನೋದ ಬಳಿ ಬಂದಳು.
ಒಂದು ಒತ್ತಿದಳು, ಅಲ್ಲ.
ಇನ್ನೊಂದು. ಅಲ್ಲ, ಅಲ್ಲ.
ಇದು.

ಬಿಳಿ ಆರು.
ತುಸು ಇಳಿದ ತಂತಿ.

ಅಚೋಲ್ ಏನೂ ಅನ್ನಲಿಲ್ಲ. ಬೆನ್ನಿನ ಗಂಟು ಬಿಚ್ಚಿ
ಕೂಸನ್ನು ಅವಳ ತೋಳಿಗೆ ದಾಟಿಸಿದಳು,
ಬಸ್ಸಿನಲ್ಲಿ ಚೀಲ ಹಿಡಕೋ ಎನ್ನುವ ಹಾಗೆ.

ನನ್ನದು ಕರಿ ನಾಲ್ಕು, ಹದಿನಾಲ್ಕು ವರ್ಷದ ಸಾಧನೆ.
ಫೋನಿನ ತಂಬೂರಿಯನ್ನು ಒಂದು ಮನೆ ಏರಿಸಿದೆ,
ಆ ಮುದಿ ತಂತಿಗೆ ಕೂಡಲೆಂದು ಕೂದಲೆಳೆ ಇಳಿಸಿದೆ.
ಸಾ ಹಿಡಿದೆವು. ಒಬ್ಬೊಬ್ಬರ ಗಂಟಲು
ಒಂದೊಂದು ಕಡೆ ಸೋರುತ್ತಿತ್ತು. ಮಾಸ್ತರರು ಇದ್ದಿದ್ದರೆ
ಎದ್ದು ಹೋಗುತ್ತಿದ್ದರು.
ನಾನು ಮರೆತ ಸಾಲಿನ ಜಾಗಕ್ಕೆ
ಪಾವಾಳ ಅರ್ಧ ಹಾಡು ಬಂದು ಕೂತಿತು.

ಈಗ ಹತ್ತೊಂಬತ್ತು ಜನ.
ಪಾಲಿಕೆಯ ಅರ್ಜಿಯಲ್ಲಿ ‘ಗುಂಪಿನ ಉದ್ದೇಶ’ದ ಮುಂದೆ
ಏನು ಬರೆಯುವುದೆಂದು ಎರಡು ವಾರದಿಂದ ಜಗಳ.
ಬೆವರ್ಲಿಗೆ ಇದು ಕೇಳಿಸುವುದಿಲ್ಲ,
ನಾವು ಕೂತಿರುವುದು ಎಡಗಿವಿಯ ಕಡೆ.
ಬಲಗಿವಿಯ ಹತ್ತಿರ
ಹಲ್ಲು ಬರುತ್ತಿರುವ ಒಂದು ಬಾಯಿ.